ಉಚ್ಚೆಂಗಪ್ಪ ಮೇಷ್ಟ್ರ ಸ್ತಂಭಾಲೇಖ

ನಾನು ಹೇಳುವುದರಲ್ಲಿ ಗುಲಗಂಜಿಯಷ್ಟು ಸುಳ್ಳಿದ್ದರೂ ಟಿ.ಬಿ. ಡ್ಯಾಮಿನ ಮೂವತ್ತಮೂರು ಗೇಟನ್ನೂ ಒಮ್ಮೆಗೇ ಎತ್ತಿ ನನ್ನ ಮೇಲೆ ಬಿಡಿ. ಇಡೀ ಕಂಪ್ಲಿ ತಾಲ್ಲೂಕಿನಲ್ಲಿ ಸಾಮರ್ಥ್ಯ ಆಧಾರಿತ ಶಿಕ್ಷಣ ಮೊದಲು ಬಂದದ್ದು ನಮ್ಮೂರ ಶಾಲೆಗೆ. ತಂದವರು ಉಚ್ಚೆಂಗಪ್ಪ ಮೇಷ್ಟ್ರು, ಅದೂ ನಿದ್ದೆಗಣ್ಣಿನಲ್ಲಿ.

ಕಂಪ್ಲಿಯಲ್ಲಿ ಮೂರು ದಿನ ತರಬೇತಿ ಇತ್ತು. ಮೇಷ್ಟ್ರು ಮೂರೂ ದಿನ ಫ್ಯಾನಿನ ಕೆಳಗೆ ಭತ್ತದ ಚೀಲ ವಾಲಿದಂತೆ ವಾಲಿದರು. ನಡುವೆ ಒಮ್ಮೆ ಎಚ್ಚರವಾದಾಗ ಕಿವಿಗೆ ಬಿದ್ದದ್ದು ಒಂದೇ ಮಾತು: ಮಗು ಬಾಯಿಪಾಠ ಒಪ್ಪಿಸಿದರೆ ಸಾಲದು, ಕಲಿತದ್ದನ್ನು ಬಳಸಿ ತೋರಿಸಬೇಕು. ಮರುದಿನವೇ ಐದನೇ ತರಗತಿಗೆ, "ನಿಮ್ಮ ಸುತ್ತಮುತ್ತ ಏನರ ಒಂದು ಆರಿಸ್ಕೊಂಡು ತಿಂಗಳು ತನಕ ನೋಡ್ರಿ, ಬರಕೊಳ್ರಿ, ಸ್ತಂಭಾಲೇಖ ಮಾಡ್ರಿ" ಎಂದರು. ಎಂದದ್ದನ್ನು ಸಂಜೆಯೊಳಗೆ ತಾವೇ ಮರೆತರು.

ಅವರು ಮರೆಯದೆ ಇದ್ದದ್ದು ವರ್ಗಾವಣೆಯೊಂದನ್ನೇ. ಮನೆ ಟಿ.ಬಿ. ಡ್ಯಾಮಿನ ಕಾಲೊನಿಯಲ್ಲಿ, ಹೆಂಡತಿ ಪಂಪಾವತಿಗೆ ಕಾಲುವೆ ಆಫೀಸಿನವರು ಕೊಟ್ಟ ಕ್ವಾರ್ಟರ್ಸು. ಡಾಕ್ಟರು ಮೇಷ್ಟ್ರಿಗೆ ಕರಿದದ್ದನ್ನೆಲ್ಲ ಬಿಡಿಸಿದ್ದರಿಂದ ಆಕೆ ಎರಡು ಒಣರೊಟ್ಟಿ ಕಟ್ಟಿಕೊಟ್ಟು, ದಿನಾ ಏಳು ಗಂಟೆಗೆ ತಾನೇ ನಿಂತು ಬಸ್ಸು ಹತ್ತಿಸುತ್ತಿದ್ದಳು. ಆದರೂ ಮೆಟ್ರಿ ಆಚೆಯ ನಮ್ಮೂರಿಗೆ ಮೇಷ್ಟ್ರು ಮುಟ್ಟುವ ಹೊತ್ತಿಗೆ ಪ್ರಾರ್ಥನೆ ಮುಗಿದು ಎಷ್ಟೋ ಹೊತ್ತಾಗಿರುತ್ತಿತ್ತು. "ಬಸ್ಸು ಲೇಟು ಮಾರಾಯಾ!" ಆ ಬಸ್ಸು ಹೊತ್ತ ಬೈಗುಳವನ್ನು ತೂಗಿದ್ದರೆ ಟೈರು ಒಡೆಯುತ್ತಿತ್ತು. ಮನೆ ಹತ್ತಿರದ ಶಾಲೆಗೆ ಹಾಕಿದ ಅರ್ಜಿಯ ಮೇಲೆ ತಪಾಸಣೆ ಸಾಹೇಬರು ಎರಡು ಸಾಲು ಗೀಚಿದರೆ ಬದುಕು ಹಸನಾಗುತ್ತಿತ್ತು.

ಸಾಹೇಬ ಸಿದ್ದಲಿಂಗೇಶ್ ಹೇಳದೆ ಕೇಳದೆ ಬಂದರು, ಅದೂ ಸೋಮವಾರ, ಹತ್ತಕ್ಕೆ ಸರಿಯಾಗಿ, ಪ್ರಾರ್ಥನೆಯ ಗಂಟೆ ಬಾರಿಸುವಾಗಲೇ. ಬಿಸಿಯೂಟದ ತಿಪ್ಪಕ್ಕ ಸೆರಗಿನ ಮರೆಯಲ್ಲಿ ಮೇಷ್ಟ್ರಿಗೆ ಫೋನು ಒತ್ತಿ ಓಡಿಬಂದಳು.

"ಮೇಷ್ಟ್ರಿಗೆ ಹೊಟ್ಟಿ ಕೆಟ್ಟೈತ್ರಿ ಸಾಹೇಬ್ರ. ಈಗ ಬಂದ್ರು ನೋಡ್ರಿ."

ಅದೇ ಉಸಿರಿಗೆ ಶಾಲಾ ಸಮಿತಿ ಅಧ್ಯಕ್ಷ ಹುಲುಗಪ್ಪ, "ಸಾಲಿ ಬಿಟ್ಟ ಹುಡುಗನ್ನ ಕರಕೊಂಡು ಬರಾಕ ಗದ್ದಿಗೆ ಹೋಗ್ಯಾರ್ರೀ" ಎಂದ.

"ಹೊಟ್ಟೆ ಕೆಟ್ಟವರು ಗದ್ದೆಗೆ ಹೋಗಿದ್ದಾರಾ?"

"ಎರಡಕ್ಕೂ ದಾರಿ ಒಂದೇ ಅಲ್ರೀ!" ಹುಲುಗಪ್ಪ ಬಿಡಲಿಲ್ಲ.

ಅಷ್ಟರಲ್ಲಿ ಹಿತ್ತಲ ಗೋಡೆ ಮೇಲೆ ಮೇಷ್ಟ್ರ ತಲೆ ಮೂಡಿತು. ಕಬ್ಬಿನ ಟ್ರ್ಯಾಕ್ಟರಿಗೆ ಜೋತುಬಿದ್ದು, ಅರ್ಧ ದಾರಿಯಲ್ಲಿ ಇಳಿದು, ಗದ್ದೆಯಲ್ಲಿ ಅಡ್ಡ ಹಾಯ್ದು ಬಂದಿದ್ದರು. ಮೊಣಕಾಲ ತನಕ ಕೆಸರು, ಚಪ್ಪಲಿ ಒಂದೇ. ತಿಪ್ಪಕ್ಕನ ಪಾತ್ರೆಗಳ ನಡುವೆ ಧೊಪ್ಪೆಂದು ಇಳಿದ ಸದ್ದಿಗೆ ಹಂಪಿಯ ಕೋತಿಗಳು ಬೆಚ್ಚಿಬಿದ್ದವು. ಕಿಸೆಯಿಂದ ಎಣ್ಣೆ ಹಿಡಿದ ಪೇಪರಿನ ತುಂಡು ತೆಗೆದು ಕೆಸರು ಒರೆಸಿಕೊಂಡರು.

"ಹುಡುಗ ಎಲ್ಲಿ?" ಸಾಹೇಬರು ಕೇಳಿದರು.

"ಯಾವ ಹುಡುಗ ಸಾರ್?"

"ಓಡಿಹೋದ ಅನ್ರಿ," ಹುಲುಗಪ್ಪ ಪಿಸುಗುಟ್ಟಿದ. ಪಕ್ಕದ ಊರಿಗೂ ಕೇಳಿಸಿತು.

ಸಾಹೇಬರು ನಕ್ಕು ಐದನೇ ತರಗತಿಗೆ ನಡೆದರು. "ಮಕ್ಕಳ ಸಾಮರ್ಥ್ಯ ನೋಡೋಣ. ಯಾರಾದರೂ ಏನಾದರೂ ಮಾಡಿದ್ದೀರಾ?"

ಲಕ್ಷ್ಮೀ ಎದ್ದಳು. ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿದ ಚಾರ್ಟು ಬಿಚ್ಚಿದಳು. ಉದ್ದ ಎಷ್ಟೆಂದರೆ ಎರಡು ಬೆಂಚು ಸರಿಸಬೇಕಾಯಿತು.

"ನಮ್ಮ ಸಾರ್ ದಿನಾ ಎಷ್ಟು ಲೇಟಾಗಿ ಬಂದ್ರು ಅಂತ ಸ್ತಂಭಾಲೇಖ ಸಾರ್. ಕಂಬ ಎಷ್ಟು ಎತ್ತರ ಐತೋ ಅಷ್ಟು ಲೇಟು."

ಮೇಷ್ಟ್ರ ಮುಖ ಸುಣ್ಣ ಬಳಿದ ಗೋಡೆಯಾಯಿತು.

"ಸರಾಸರಿ?"

"ನಲವತ್ತೈದು ನಿಮಿಷ ಸಾರ್. ಸೋಮವಾರದ ಕಂಬ ಹಾಳಿ ದಾಟಿ ಹೋತು, ಅದಕ್ಕ ಇನ್ನೊಂದು ಹಾಳಿ ಅಂಟಿಸೀನಿ."

ಮುಳುಗುವವರಿಗೆ ಜೊಂಡು ಸಿಕ್ಕಿತು. "ನೋಡ್ರಿ ಸಾರ್! ನನ್ನ ಅರ್ಜಿಯಾಗ ಇರೋದೂ ಇದೇ. ಮನಿ ಹತ್ರದ ಸಾಲಿಗೆ ಹಾಕಿದ್ರ ಈ ಕಂಬ ಎಲ್ಲಾ ನೆಲಕ್ಕ ಬೀಳ್ತಾವ. ನನ್ನ ಶಿಷ್ಯೆನೇ ಸಾಬೀತು ಮಾಡ್ಯಾಳ."

ಸಾಹೇಬರು ತಲೆಯಾಡಿಸಿ ಪೆನ್ನಿನ ಕ್ಯಾಪು ತೆಗೆದರು. ಮೇಷ್ಟ್ರು ಮನಸ್ಸಿನಲ್ಲೇ ಡ್ಯಾಮಿನ ದಂಡೆಗೆ ವಾಕಿಂಗ್ ಹೊರಟರು.

"ತಡೀರಿ ಸಾರ್, ಹಿಂದಿನ ಮಗ್ಗಲಿಗೆ ಇನ್ನೊಂದೈತಿ!" ಲಕ್ಷ್ಮೀ ಚಾರ್ಟು ಮಗುಚಿದಳು. "ಇದು ನಮ್ಮ ಹಾಜರಿ. ಸಾರ್ ಬಂದ ದಿನ ಮೂವತ್ತೊಂದು ಹುಡುಗರಿಗೆ ಮೂವತ್ತೊಂದೂ ಹಾಜರು. ಅವರು ರಜಾ ಹಾಕಿ ಬ್ಯಾರೆ ಸಾರ್ ಬಂದ ದಿನ ಒಂಬತ್ತು."

"ಯಾಕೆ?"

"ನಮ್ಮ ಸಾರ್ ಹೊಡಿಯಂಗಿಲ್ಲ. ಮುಂಜಾನಿ ಲೇಟಾದಷ್ಟೂ ಸಂಜಿಗೆ ಕುಂತು ಕಲಸ್ತಾರ. ಕತಿ ಹೇಳ್ತಾರ. ಅವರನ್ನ ಕಳಸಬ್ಯಾಡ್ರಿ ಸಾರ್."

ತಿಪ್ಪಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಾಹೇಬರು ಅರ್ಜಿಯ ಮೇಲೆ ಬರೆದೇ ಬರೆದರು: 'ಈ ಶಾಲೆಗೆ ಅನಿವಾರ್ಯ. ವರ್ಗಾಯಿಸಬಾರದು.' ಆಮೇಲೆ ಚಾರ್ಟಿನ ಎರಡೂ ಮಗ್ಗುಲಿನ ಫೋಟೊ ತೆಗೆದು, 'ಮಾದರಿ ಚಟುವಟಿಕೆ' ಎಂದು ಶಿಕ್ಷಕರ ಗ್ರೂಪಿಗೆ ಹಾಕಿದರು. ಊಟದ ಗಂಟೆಯೊಳಗೆ ಅದು ಸಂಡೂರಿನ ಅದಿರು ಲಾರಿ ಡ್ರೈವರುಗಳ ಫೋನಿಗೂ ಮುಟ್ಟಿತ್ತು. ಡ್ಯಾಮಿಗೂ ಮುಟ್ಟಿತು.

ಪಂಪಾವತಿಯ ಫೋನು ಬಂತು.

"ರೀ, ಹುಡುಗಿ ಭಾಳ ಚಂದ ಬರದಾಳ."

"ಹೌದಲ್ಲ? ನಾನೇ ಹೇಳಿಕೊಟ್ಟದ್ದು!"

"ನಾನೂ ಒಂದು ಲೆಕ್ಕ ಮಾಡಿದೆ. ಏಳಕ್ಕ ಬಸ್ ಹತ್ತಸ್ತೀನಿ. ಎಂಟೂವರಿಗೆ ಕಂಪ್ಲಿ. ಅಲ್ಲಿಂದ ಸಾಲಿ ಅರ್ಧ ತಾಸು. ಒಂಬತ್ತಕ್ಕ ಮುಟ್ಟಬೇಕಾದವರು ಹತ್ತೂಮುಕ್ಕಾಲಿಗೆ ಹೊಕ್ಕೀರಿ. ನಡುವ ಯಾವ ಸಾಮರ್ಥ್ಯ ಬೆಳಸ್ಕೊಳ್ಳಾಕತ್ತಿದ್ರಿ?"

"ಅದು... ಬಸ್ಸು..."

"ಕಂಡಕ್ಟರನ್ನ ಕೇಳಿದೆ. ಕಂಪ್ಲಿ ಬಸ್‌ಸ್ಟ್ಯಾಂಡ್ ಮುಂದಿನ ಮಿರ್ಚಿ ಭಜಿ ಅಂಗಡಿ ತನಕ ಬಸ್ಸು ಯಾವತ್ತೂ ಟೈಮಿಗೇ ಹೋಗತೈತಂತ!"

ಈಗ ಮೇಷ್ಟ್ರ ವಾಸ ನಮ್ಮೂರಲ್ಲೇ, ತಿಪ್ಪಕ್ಕನ ಮನೆ ಪಕ್ಕದ ಕೋಣೆಯಲ್ಲಿ. ಮನೆಗೆ ಹೋಗುವುದು ಭಾನುವಾರ ಮಾತ್ರ. ಊಟಕ್ಕೆ ಒಂದು ತೊಟ್ಟೂ ಎಣ್ಣೆ ಹಾಕಬಾರದೆಂದು ತಿಪ್ಪಕ್ಕನಿಗೆ ಡ್ಯಾಮಿನಿಂದ ಕಟ್ಟಪ್ಪಣೆಯಾಗಿದೆ. ಲೇಟು ಬರುವ ಮಾತೇ ಇಲ್ಲ, ಮೊದಲ ಗಂಟೆ ಅವರೇ ಬಾರಿಸುತ್ತಾರೆ. ಲಕ್ಷ್ಮೀ ಹೊಸ ಚಾರ್ಟು ಶುರು ಮಾಡಿದ್ದಾಳೆ. ಪಂಪಾವತಿಯಕ್ಕನೇ ಫೋನಿನಲ್ಲಿ ಒಪ್ಪಿಸಿದ ಕೆಲಸ: ಮೇಷ್ಟ್ರು ದಿನಕ್ಕೆ ಎಷ್ಟು ಸಲ ಕಂಪ್ಲಿ ದಾರಿ ನೋಡಿ ಎಂಜಲು ನುಂಗುತ್ತಾರೆ ಎಂಬುದು.

ಮೊದಲ ಸೋಮವಾರವೇ ಕಂಬ ಹಾಳೆ ದಾಟಿದೆ.