ಇರುವೆ ಮೇಷ್ಟ್ರ ಫೈಲು ಸಾಲು

"ಇವತ್ತಿನಿಂದ ಈ ಕಂಪ್ಯೂಟರಿನಲ್ಲಿ ಯಾವ ಫೈಲೂ ದಿಕ್ಕುದೆಸೆಯಿಲ್ಲದೆ ಅಲೀಬಾರದು! ಪ್ರತಿಯೊಂದಕ್ಕೂ ಒಂದು ಮನೆ, ಒಂದು ನಂಬರು!"

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಕೈಯಲ್ಲಿ ಕಾಫಿ ಲೋಟ ಹಿಡಿದು, ರಾಜ್ಯಾಭಿಷೇಕದ ದಿನ ಮಹಾರಾಜರು ಶಾಸನ ಹೊರಡಿಸುವ ಗತ್ತಿನಲ್ಲಿ ಇರುವೆ ಮೇಷ್ಟ್ರು ಘೋಷಿಸಿದರು. ಕೇಳಲು ಇದ್ದ ಪ್ರಜೆಗಳು ಇಬ್ಬರೇ. ಔಷಧಿ ಅಂಗಡಿ ತೆರೆಯಲು ಚಪ್ಪಲಿ ಮೆಟ್ಟುತ್ತಿದ್ದ ಹೆಂಡತಿ, ಏಳನೇ ತರಗತಿಯ ಮಗಳು.

ಕಾಲೇಜಿನಲ್ಲಿ ಪಾಠ ಹೇಳುವ ಅವರಿಗೆ ಈ ಅಡ್ಡಹೆಸರು ಅಂಟಿದ್ದು ಸಂಶೋಧನೆಯಿಂದ. ಆರು ವರ್ಷಗಳಿಂದ ಅವರು ಡಾಕ್ಟರೇಟಿಗಾಗಿ ಇರುವೆಗಳ ಹಿಂದೆ ಬಿದ್ದಿದ್ದರು. ಪ್ರಬಂಧದ ಹೆಸರು 'ಸಂಕೀರ್ಣ ಸಮುದಾಯಗಳಲ್ಲಿನ ಪಥಸಂಘರ್ಷ ನಿವಾರಣಾ ಪ್ರಕ್ರಿಯೆಗಳು: ಪಿಪೀಲಿಕಾ ಕೇಂದ್ರಿತ ಅಧ್ಯಯನ'. ಇದನ್ನು ಒಂದೇ ಉಸಿರಿಗೆ ಹೇಳಬಲ್ಲವರು ಮನೆಯಲ್ಲಿ ಅವರೊಬ್ಬರೇ. ಅವರೂ ಹೇಳಿದ ಮೇಲೆ ನೀರು ಕುಡಿಯುತ್ತಿದ್ದರು.

ಈ ಶಾಸನಕ್ಕೆ ಕಾರಣ ಅವರ ಗೈಡ್ ಮೇಡಂ. "ಸೋಮವಾರ ಹನ್ನೊಂದಕ್ಕೆ ಸಮಿತಿ ಕೂರುತ್ತೆ. ಅಷ್ಟರೊಳಗೆ ನಿಮ್ಮ ಮೂರನೇ ಅಧ್ಯಾಯ ಬರದಿದ್ರೆ ನೋಂದಣಿ ರದ್ದಾಗುತ್ತೆ. ಆಮೇಲೆ ನೀವುಂಟು, ನಿಮ್ಮ ಇರುವೆಯುಂಟು!" ಎಂದು ಶುಕ್ರವಾರವೇ ಎಚ್ಚರಿಸಿದ್ದರು. ಅಧ್ಯಾಯವೇನೋ ಸಿದ್ಧವಿತ್ತು. ಎಷ್ಟು ಸಿದ್ಧವಿತ್ತೆಂದರೆ ಹನ್ನೊಂದು ರೂಪಗಳಲ್ಲಿತ್ತು! 'ಮೂರು ಕೊನೆಯದು', 'ಮೂರು ಕೊನೆಯದು ಹೊಸದು', 'ಗೈಡ್ ಬೈದ ಮೇಲೆ', 'ಇದೇ ಕೊನೆ ದೇವರಾಣೆ'. ಇವೆಲ್ಲ 'ಹೊಸ ಫೋಲ್ಡರ್' ಒಂದರಿಂದ ಹದಿನೇಳರವರೆಗೆ ಚದುರಿ ಸಂಸಾರ ಹೂಡಿದ್ದವು.

"ಈಗ ಯಾಕ್ರೀ ಈ ಉಸಾಬರಿ?" ಹೆಂಡತಿ ಕೇಳಿದರು. "ಇರೋದರಲ್ಲಿ ಒಂದನ್ನ ಹುಡುಕಿ ಕಳಿಸಿ, ಆಮೇಲೆ ಜೋಡಿಸ್ಕೊಳ್ಳಿ."

"ನಿನಗೆ ಗೊತ್ತಾಗಲ್ಲ. ಶಿಸ್ತಿಲ್ಲದ ಸಂಶೋಧಕ ಕಡಿವಾಣವಿಲ್ಲದ ಕುದುರೆ!"

"ಕುದುರೆ ಅಂದ್ರೆ ಓಡಬೇಕಲ್ಲ?" ಎಂದವರೇ ಬಾಗಿಲು ಎಳೆದುಕೊಂಡು ಹೋದರು.

ಮೇಷ್ಟ್ರು ಧೃತಿಗೆಡಲಿಲ್ಲ. ನೂರಾರು ಫೈಲುಗಳ ಹೆಸರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಿಸುವ ಒಂದು ತಂತ್ರಾಂಶವನ್ನು ಸಹೋದ್ಯೋಗಿಯೊಬ್ಬರು ಕೊಟ್ಟಿದ್ದರು. ಮೊದಲು ಎಲ್ಲವನ್ನೂ ಬಾಚಿ ಒಂದೇ ಫೋಲ್ಡರಿಗೆ ಸುರಿದರು. ನಂತರ ಯಾವ ಫೈಲಿಗೆ ಯಾವ ನಂಬರು ಬರುತ್ತದೆಂಬ ಪಟ್ಟಿಯೊಂದನ್ನು ತಯಾರಿಸಿ, ಜೋಪಾನವಾಗಿರಲಿ ಎಂದು ಅದನ್ನೂ ಅದೇ ಫೋಲ್ಡರಿಗೆ ಹಾಕಿದರು. ಆಮೇಲೆ ಗುಂಡಿ ಒತ್ತಿದರು.

ಟಕ್! ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಫೈಲುಗಳು ಹಳೆಯ ಹೆಸರು ಕಳಚಿ ನಂಬರು ತೊಟ್ಟು ಸಾಲಾಗಿ ನಿಂತವು. ಮೇಷ್ಟ್ರ ಕಣ್ಣು ತುಂಬಿ ಬಂತು. ಕವಾಯತಿನಲ್ಲಿ ನಿಂತ ಸೈನ್ಯವನ್ನು ಸೇನಾಪತಿ ನೋಡುವಂತೆ ಎರಡು ನಿಮಿಷ ನೋಡಿದರು. ಮೂರನೇ ನಿಮಿಷಕ್ಕೆ ಪಟ್ಟಿ ಬೇಕಾಯಿತು.

ಪಟ್ಟಿಗೂ ನಂಬರು ಬಿದ್ದಿತ್ತು! ಅದರಿಂದಾಗಿ ಅದರ ಮುಂದಿನ ನಂಬರುಗಳೆಲ್ಲ ಒಂದೊಂದು ಸರಿದಿದ್ದವು. ಯಾವ ಫೈಲಿಗೆ ಯಾವ ನಂಬರು ಎಂದು ತಿಳಿಯಲು ಪಟ್ಟಿ ಬೇಕು, ಪಟ್ಟಿಯ ನಂಬರು ಎಷ್ಟೆಂದು ತಿಳಿಯಲೂ ಪಟ್ಟಿಯೇ ಬೇಕು! ಹೋಗಲಿ, ಸಿಕ್ಕಿದರೂ ಅದು ಸುಳ್ಳು ಹೇಳುತ್ತಿತ್ತು.

"ಅಪ್ಪಾ, ನನ್ನ ಜ್ವಾಲಾಮುಖಿ ಎಲ್ಲಿ?" ಮಗಳು ಬಂದು ನಿಂತಳು. "ಶಾಲೆ ಪ್ರಾಜೆಕ್ಟು. ಇಲ್ಲೇ ಇಟ್ಟಿದ್ದೆ."

"ಅದು... ಒಂದರಿಂದ ನಾಲ್ಕು ಸಾವಿರದ ಮುನ್ನೂರ ಹನ್ನೆರಡರ ಒಳಗೆ ಎಲ್ಲೋ ಇದೆ ಪುಟ್ಟಾ."

ಅವಳು ತಕ್ಷಣ ಅಮ್ಮನಿಗೆ ಫೋನು ಮಾಡಿದಳು. ಕಂಪ್ಯೂಟರಿನಲ್ಲಿ ಸಿಗದ ಜ್ವಾಲಾಮುಖಿ ಮಧ್ಯಾಹ್ನ ಊಟದ ಹೊತ್ತಿಗೆ ಔಷಧಿ ಅಂಗಡಿಯಿಂದ ನೇರವಾಗಿ ಮನೆಗೇ ಬಂತು!

"ಮನೆ ಕಾಗದಪತ್ರ, ಫೋಟೋ, ನನ್ನ ಅಂಗಡಿ ಪಟ್ಟಿ, ಎಲ್ಲಾ ಅದರಲ್ಲೇ ಇತ್ತು. ಎಲ್ಲಕ್ಕೂ ನಂಬರ್ ಹೊಡೆದಿದ್ದೀರಾ?" ಹೆಂಡತಿ ಸಿಡಿದರು.

"ಭೇದಭಾವ ಮಾಡಬಾರದು ಅಂತ..."

"ಮೊದಲಿದ್ದ ಹಾಗೇ ಒಂದು ನಕಲಾದ್ರೂ ಇಟ್ಕೊಂಡಿದ್ದೀರಾ?"

"ಸಂಶೋಧಕ ಹಿಂದೆ ತಿರುಗಿ ನೋಡಲ್ಲ ಕಣೇ."

"ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರೆ. ನಿಮಗೆ ಇರುವೆ ಮೊದಲೇ ಇತ್ತು, ಸಾಲದು ಅಂತ ಫೈಲೂ ಬಿಟ್ಕೊಂಡ್ರಿ! ನನ್ನ ಅಂಗಡೀಲಿ ಎರಡು ಸಾವಿರ ಥರದ ಔಷಧಿ ಇದೆ. ಜ್ವರದ ಮಾತ್ರೆ ಡಬ್ಬಿ ಮೇಲೆ ಏನು ಬರೆದಿದ್ದೀನಿ ಗೊತ್ತಾ? ಜ್ವರದ ಮಾತ್ರೆ ಅಂತ!"

ಮೇಷ್ಟ್ರು ಈ ವೈಜ್ಞಾನಿಕ ವಾದವನ್ನು ಒಪ್ಪಿ, ಕಂಪ್ಯೂಟರಿನ ಮುಂದೆ ಇನ್ನೆರಡು ಕುರ್ಚಿ ಹಾಕಿದರು. ಫೈಲು ಮಾಡಲು ಹೋಗಿ ಫೇಲಾಗಿದ್ದರು.

ಭಾನುವಾರ ಮೂವರೂ ಸರದಿಯ ಮೇಲೆ ಕುಳಿತು ಒಂದೊಂದೇ ಫೈಲು ತೆರೆದರು. ಇರುವೆಗಳ ಚಿತ್ರಗಳೇ ಸಾವಿರದೆಂಟುನೂರು ಇದ್ದವು. ಎಲ್ಲವೂ ಒಂದೇ ಇರುವೆಯಂತೆ ಕಾಣುತ್ತಿದ್ದವು. ಮಗಳ ಜ್ವಾಲಾಮುಖಿ ಮಧ್ಯಾಹ್ನ ಸಿಕ್ಕಿತು. ಸಂಜೆ ಐದಕ್ಕೆ ಹೆಂಡತಿ ಕೂಗಿದರು: "ಬನ್ರೀ, ಸಿಕ್ತು! ಮೂರನೇ ಅಧ್ಯಾಯ, ಮೂವತ್ತೊಂಬತ್ತು ಪುಟ. ನಂಬರ್ ಎರಡು ಸಾವಿರದ ಏಳುನೂರ ಆರು. ಈಗಲೇ ಕಳಿಸಿಬಿಡಿ."

"ಬೇಡ. ನಾಳೆ ಬೆಳಿಗ್ಗೆ ಶಾಂತಚಿತ್ತದಿಂದ ಒಂದು ಸಲ ಕಣ್ಣಾಡಿಸಿ ಕಳಿಸ್ತೀನಿ," ಎಂದರು ಮೇಷ್ಟ್ರು. ಸೋತವರಿಗೂ ಒಂದಿಷ್ಟು ಗತ್ತು ಉಳಿದಿರುತ್ತದಲ್ಲ!

ಆದರೆ ಸೋಮವಾರ ಬೆಳಿಗ್ಗೆ, ಮೊದಲು ಹಾಜರಿ ಹಾಕಿ ಬರೋಣವೆಂದು ಹೋದ ಕಾಲೇಜಿನಲ್ಲಿ ಪ್ರಾಂಶುಪಾಲರು ಹಿಡಿದುಕೊಂಡರು. ಬಿಡಿಸಿಕೊಂಡು ಮನೆಗೆ ಓಡಿ ಬಂದು ಕುಳಿತಾಗ ಹನ್ನೊಂದಕ್ಕೆ ಐದೇ ನಿಮಿಷ. ಗಡಿಬಿಡಿಯಲ್ಲಿ ನೆನಪಿನಿಂದಲೇ ನಂಬರು ಒತ್ತಿದರು. ಎರಡು, ಏಳು, ಆರು, ಸೊನ್ನೆ! ಫೈಲು ಲಗತ್ತಿಸಿ, ಕಳಿಸಿ, ಕುರ್ಚಿಗೆ ಒರಗಿ ವಿಜಯದ ನಗೆ ನಕ್ಕರು.

ಹನ್ನೆರಡೂಕಾಲಿಗೆ ಗೈಡ್ ಮೇಡಂ ಫೋನು ಬಂತು.

"ನೀವು ಕಳಿಸಿದ್ದನ್ನ ಓದಿದೆ. ಆರು ವರ್ಷದಲ್ಲಿ ಮೊದಲ ಸಲ ನಿಮ್ಮ ಸಂಶೋಧನೆ ಏನು ಅಂತ ನನಗೆ ಅರ್ಥ ಆಯ್ತು!"

ಮೇಷ್ಟ್ರ ಎದೆ ಉಬ್ಬಿತು. "ಮೂವತ್ತೊಂಬತ್ತು ಪುಟ ಮೇಡಂ, ಒಂದೊಂದು ಪದವನ್ನೂ ತೂಗಿ..."

"ಮೂವತ್ತೊಂಬತ್ತಾ? ಮೂರೇ ಪುಟ ಇದೆಯಲ್ಲ?"

ಮೇಷ್ಟ್ರು ಕಂಪ್ಯೂಟರಿನತ್ತ ಬಗ್ಗಿ ಕಳಿಸಿದ ಫೈಲಿನ ನಂಬರು ನೋಡಿದರು. ಸೊನ್ನೆಯೂ ಆರೂ ಜಾಗ ಅದಲುಬದಲು ಮಾಡಿಕೊಂಡಿದ್ದವು!

"ಓದ್ತೀನಿ ಕೇಳಿ," ಎಂದರು ಮೇಡಂ. "'ಅಕ್ಕಾ, ಇವರು ಮನೇಲಿ ಏನು ಮಾಡ್ತಾರೆ ಅಂತ ನೀನು ಕೇಳಿದ್ದೆಯಲ್ಲ. ಇರುವೆ ಸಾಲು ಹೋಗುತ್ತಲ್ಲ, ಎದುರಿಂದ ಇನ್ನೊಂದು ಬಂದಾಗ ಯಾವುದು ದಾರಿ ಬಿಡುತ್ತೆ ಅಂತ ನೋಡ್ತಾರೆ. ಹೊರೆ ಹೊತ್ತಿರೋ ಇರುವೆಗೆ ಬರಿಗೈ ಇರುವೆ ಪಕ್ಕಕ್ಕೆ ಸರಿದು ದಾರಿ ಕೊಡುತ್ತಂತೆ. ಆರು ವರ್ಷ ಇದನ್ನೇ ನೋಡಿದ್ರೂ, ನಾನು ಎರಡು ಕೈಲೂ ಚೀಲ ಹಿಡ್ಕೊಂಡು ಬಂದಾಗ ಇವರು ಬಾಗಿಲಲ್ಲಿ ಹಾಗೇ ನಿಂತಿರ್ತಾರೆ...'"

ಹೆಂಡತಿ ಇದೇ ಕಂಪ್ಯೂಟರಿನಲ್ಲಿ ತಮ್ಮ ಅಕ್ಕನಿಗೆ ಬರೆದಿದ್ದ ಕಾಗದ! ಮೇಷ್ಟ್ರಿಗೆ ಇರುವೆಗೂಡೊಳಗೆ ಹೊಕ್ಕುಬಿಡೋಣ ಅನ್ನಿಸಿತು.

"ಸಮಿತಿಯವರಿಗೂ ಓದಿ ಹೇಳಿದೆ," ಮೇಡಂ ಮುಂದುವರಿಸಿದರು. "ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕರು. ಆಮೇಲೆ, ವಿಷಯ ಚೆನ್ನಾಗಿದೆ ಅಂತ ಇಡೀ ಪ್ರಬಂಧ ಮುಗಿಸೋಕೆ ಆರು ತಿಂಗಳು ಕಾಲಾವಕಾಶ ಕೊಟ್ಟರು. ನಿಜವಾದ ಅಧ್ಯಾಯ ಸಂಜೆಯೊಳಗೆ ಕಳಿಸಿ. ಇದನ್ನ ಪೀಠಿಕೆಗೆ ಸೇರಿಸಿ, ಬಾಗಿಲಿನ ವಿಷಯ ಬಿಟ್ಟು. ಅಂದ ಹಾಗೆ, ನಿಮ್ಮದು ಮುಗಿದ ಮೇಲೆ ನನ್ನ ಹತ್ತಿರ ಒಂದು ಜಾಗ ಖಾಲಿಯಾಗುತ್ತೆ. ಸಂಶೋಧನೆಗೆ ಸೇರ್ತಾರಾ ಅಂತ ನಿಮ್ಮ ಮನೆಯವರನ್ನ ಕೇಳಿ."

ಮೇಷ್ಟ್ರು ಔಷಧಿ ಅಂಗಡಿಗೆ ನಡೆದುಹೋಗಿ, ಗಿರಾಕಿಗಳೆಲ್ಲ ಚದುರುವವರೆಗೆ ಕಾದು, ನಡೆದದ್ದನ್ನು ಒಂದಕ್ಷರವೂ ಬಿಡದೆ ಒಪ್ಪಿಸಿದರು. ಹೆಂಡತಿ ಕೆಮ್ಮಿನ ಔಷಧಿಯ ಬಾಟಲಿಗಳನ್ನು ಜೋಡಿಸುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು ಹೇಳಿದರು:

"ಖಂಡಿತ ಸೇರ್ತೀನಿ ಅಂತ ಹೇಳಿ. ಆದ್ರೆ ನಿಮ್ಮದು ಮುಗಿದ ಮೇಲೆ ಅನ್ನೋ ಷರತ್ತು ಮಾತ್ರ ಬೇಡ. ನನಗೆ ಈ ಜನ್ಮದಲ್ಲೇ ಶುರು ಮಾಡಬೇಕು!"