ಚಿಕ್ಕಪ್ಪ ಬರೆದ ಐದನೇ ಉತ್ತರ

ಕಳ್ಳನನ್ನು ಬೇಕಾದರೂ ಮನೆಯೊಳಗೆ ಬಿಟ್ಟುಕೊಳ್ಳಿ, ನಮ್ಮ ಚಿಕ್ಕಪ್ಪನನ್ನು ಮಾತ್ರ ಬಿಟ್ಟುಕೊಳ್ಳಬೇಡಿ! ಕಳ್ಳ ಬೀರು ತಡಕಿ ಹೋಗುತ್ತಾನೆ. ಇವರು ಕಸದ ಬುಟ್ಟಿಯನ್ನೂ ಬಿಡುವುದಿಲ್ಲ.

ಮೇಷ್ಟರ ಕೆಲಸದಿಂದ ನಿವೃತ್ತರಾದ ಮೇಲೆ ಅವರಿಗೆ ಸಮೀಕ್ಷೆಯ ಕೆಲಸವೊಂದು ಸಿಕ್ಕಿತು. ಜನ ಏನು ತಿನ್ನುತ್ತಾರೆ, ಏನು ಎಸೆಯುತ್ತಾರೆ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಬೇಕು. ಗಾಡಿ ಓಡಿಸಲು ಬಾರದು. ನನ್ನ ಸ್ಕೂಟರಿನ ಹಿಂದೆ ಕೂತರು.

ಮೊದಲ ಮನೆ ಐ.ಡಿ.ಹಳ್ಳಿಯಲ್ಲಿ. ಫಾರಂನಲ್ಲಿದ್ದಂತೆಯೇ ಗಟ್ಟಿಯಾಗಿ ಓದಿದರು: "ನೀವು ಸುಸ್ಥಿರ ಆಹಾರ ಸೇವಿಸುತ್ತೀರಾ?"

ಆ ಮನೆಯ ಅಜ್ಜಿ ಗಾಬರಿಯಾದರು. "ಅಯ್ಯೋ, ಅಂಥದ್ದೆಲ್ಲ ನಮ್ಮನೇಲಿ ಯಾರೂ ಮುಟ್ಟಾಕಿಲ್ಲ ಕಣಪ್ಪ! ಹೊಲದ ರಾಗಿ, ಹಿತ್ಲು ಸೊಪ್ಪು, ಅಷ್ಟೇಯ."

ಚಿಕ್ಕಪ್ಪ 'ಹೌದು' ಎಂಬಲ್ಲಿ ಗುರುತು ಹಾಕಿ, ಎದ್ದು ನಿಂತು ಅಜ್ಜಿಗೆ ಕೈ ಮುಗಿದರು!

ಕೊರಟಗೆರೆಯ ತಾರಸಿ ಮನೆಯ ಯಜಮಾನರು, "ನಮ್ಮಲ್ಲಿ ಒಂದಗುಳೂ ದಂಡ ಆಗಲ್ಲ ಸಾರ್" ಎಂದರು. ಬರೆದುಕೊಂಡು ಏಳಬಾರದೇ? ಇಲ್ಲ, ಚಿಕ್ಕಪ್ಪ ಕಸದ ಬುಟ್ಟಿಯೊಳಗೆ ಇಣುಕಿದರು. ಮೂರು ಇಡ್ಲಿ ಕೂತಿದ್ದವು.

"ಅದು ಪಕ್ಕದ ಮನೆಯವರು ಹಾಕಿದ್ದು!"

"ಹಂಗಾರೆ ಅವರನ್ನೇ ಕೇಳ್ಕಂಡು ಬತ್ತೀನಿ" ಎಂದು ಹೊರಟೇಬಿಟ್ಟರು. ಯಜಮಾನರು ಗೇಟಿನವರೆಗೆ ಓಡಿಬಂದು ಒಪ್ಪಿಕೊಂಡರು.

ತೊಡಕು ಶುರುವಾದದ್ದು ಶಿರಾದಲ್ಲಿ. 'ಉಳಿದ ಊಟ ಏನು ಮಾಡುತ್ತೀರಿ?' ಎಂಬುದಕ್ಕೆ ಫಾರಂನಲ್ಲಿ ನಾಲ್ಕೇ ಉತ್ತರ: ಎಸೆಯುತ್ತೇವೆ, ದನಕ್ಕೆ ಹಾಕುತ್ತೇವೆ, ಗೊಬ್ಬರ ಮಾಡುತ್ತೇವೆ, ಫ್ರಿಜ್ಜಿನಲ್ಲಿಡುತ್ತೇವೆ. ಹೊಲಿಗೆ ಮಿಷನ್ ಮುಂದೆ ಕೂತಿದ್ದ ಹೆಂಗಸು ನಕ್ಕರು. "ಯಾವ್ದೂ ಇಲ್ಲ ಭಾಯ್‌ಸಾಬ್. ಎಲ್ರದೂ ಆದ್ಮೇಲೆ ನಾನೇ ತಿಂತೀನಿ."

ಆಮೇಲೆ ತಿರುಮಣಿಯಲ್ಲೂ ಅದೇ ಮಾತು, ಮಧುಗಿರಿಯಲ್ಲೂ ಅದೇ. ಚಿಕ್ಕಪ್ಪ ಪ್ರತಿ ಫಾರಂನ ಅಂಚಿನಲ್ಲಿ ಐದನೇ ಉತ್ತರವನ್ನು ತಾವೇ ಬರೆದರು: 'ಮನೆಯಾಕೆ ತಿನ್ನುತ್ತಾಳೆ.'

ಫಾರಂಗಳನ್ನು ನೋಡಿದ ಸಮೀಕ್ಷೆಯ ಮೇಲ್ವಿಚಾರಕ ಫೋನಿನಲ್ಲಿ ರೇಗಿದ. "ಇರೋದ್ರಲ್ಲೇ ಒಂದಕ್ಕೆ ಟಿಕ್ ಹಾಕಿ ಸಾರ್! ಇಲ್ಲಾಂದ್ರೆ ಬೇರೆಯವರನ್ನ ತಗೊಂತೀವಿ."

"ತಗಳಪ್ಪ. ತಪ್ಪುತ್ತರಕ್ಕೆ ರೈಟ್ ಹಾಕಿದೋನಲ್ಲ ನಾನು!"

ಕೆಲಸ ಹೋಯಿತು. ಮಿಕ್ಕಿದ್ದ ಒಂದು ಖಾಲಿ ಫಾರಂ ಹಿಡಿದು ಮನೆಗೆ ಬಂದವರು, ಹಟಕ್ಕೆ ಬಿದ್ದವರಂತೆ ಚಿಕ್ಕಮ್ಮನೆದುರು ಕೂತು ಅದೇ ಪ್ರಶ್ನೆ ಕೇಳಿದರು.

ಚಿಕ್ಕಮ್ಮ ಸೊಪ್ಪು ಬಿಡಿಸುತ್ತಲೇ ಇದ್ದರು. "ನಲ್ವತ್ತು ವರ್ಸದಿಂದ ನಾನು ಬೆಳಿಗ್ಗೆ ತಿಂತಿರೋದು ಏನು ಅಂದ್ಕಂಡಿದ್ರಿ?"

ಚಿಕ್ಕಪ್ಪನ ಪೆನ್ನು ನಿಂತಿತು.

"ಬರ್ಕಳಿ ಮತ್ತೆ" ಎಂದು ಚಿಕ್ಕಮ್ಮ ನಕ್ಕರು. ಚಿಕ್ಕಪ್ಪ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಚಿಕ್ಕಪ್ಪ ಅಡುಗೆಮನೆಯಲ್ಲಿ ನೆಲಕ್ಕೆ ಕೂತು, ಹಿಂದಿನ ದಿನದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚುತ್ತಿದ್ದರು. ಚಿಕ್ಕಮ್ಮ ಬಟ್ಟಲಿಗೆ ಕೈ ಹಾಕಿದರೆ, ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿದರು.

"ಬಿಡೇ, ಒಲೆ ಮೇಲೆ ರೊಟ್ಟಿ ಐತೆ. ಬಿಸಿ ಆರೋಗೋಕೆ ಮುಂಚೆ ನೀನು ತಿನ್ನು."