ರೊಟ್ಟಿ ಆಟದಲ್ಲಿ ಮಾಸ್ತರರ ದಾಖಲೆ

"ವೈನಿ, ಇವತ್ತಿಂದ ನಿಮ್ಮ ಖಾನಾವಳ್ಯಾಗ ಯಾರೂ ಕೆಲಸಾ ಮಾಡೂದಿಲ್ಲ! ಎಲ್ಲಾರೂ ಆಡ್ತಾರ!" ಎಂದು ನನ್ನ ಮೈದುನ ಗುರುಪಾದ ಬೆಳಗ್ಗೆ ಒಂಬತ್ತಕ್ಕೇ ಘೋಷಿಸಿದ.

"ನೀ ಹುಟ್ಟಿದಾಗಿಂದ ಅದನ್ನ ಮಾಡಾಕತ್ತೀಯಲ್ಲೋ" ಎಂದೆ.

ಅವನ ಕೈಯಲ್ಲಿ ಮೈಕು, ಕ್ಯಾಮೆರಾ ಕೂಡಿಸಿದ ಹಾರ್ಮೋನಿಯಂನಷ್ಟು ದೊಡ್ಡ ಡಬ್ಬಿ, ಜತೆಗೆ ಎರಡು ದಪ್ಪ ಪ್ಲಾಸ್ಟಿಕ್ ಬಳೆ. ಹೋದ ವರ್ಷ ಇವನು ಮಾಡಿದ ಚಹಾ ಸೋಸುವ ಯಂತ್ರ ಚಹಾವನ್ನು ಸೀಲಿಂಗಿಗೆ ಕುಡಿಸಿತ್ತು. ಹುಬ್ಬಳ್ಳಿಯಲ್ಲಿ ಕಪ್ಪು ಸೀಲಿಂಗ್ ಇರುವ ಖಾನಾವಳಿ ನನ್ನದೊಂದೇ.

"ಗುರುಪಾದ, ಇವತ್ತ ಬ್ಯಾಡಪ್ಪಾ! ಒಂದು ಗಂಟೆಕ್ಕ ಇರಸಂಗಪ್ಪ ಮಾಸ್ತರ್‍ದು ನಿವೃತ್ತಿ ಊಟ ಐತಿ."

ಮೂವತ್ತು ವರ್ಷ ನನ್ನ ಖಾನಾವಳಿಯಲ್ಲೇ ಉಂಡ ಹೆಡ್‌ಮಾಸ್ತರರು. ಮೂವತ್ತೊಂಬತ್ತು ಶಿಕ್ಷಕರನ್ನು ಕರೆದಿದ್ದರು. ಅವರು ಕೇಳಿದ್ದು ಒಂದೇ: "ಸಾವಂತ್ರವ್ವ, ತವಿ ಮ್ಯಾಲಿನ ರೊಟ್ಟಿ ಸೀದಾ ತಾಟಿಗೆ ಬರಬೇಕು." ನಾನು ಮಾತು ಕೊಟ್ಟಿದ್ದೆ.

"ಅದಕ್ಕ ತಂದೀನಿ! ಜಗತ್ತ ಎಲ್ಲಿಗೆ ಹೋಗೈತಿ ಗೊತ್ತೇನು? ಮೊದಲ ಹುಡುಗೂರು ವಿಡಿಯೋ ಗೇಮ್ ಆಡಿದ್ರ ಬೆನ್ನಿಗೆ ಬೀಳ್ತಿತ್ತು. ಈಗ ಅದು ಸಿನಿಮಾದಕ್ಕಿಂತ ದೊಡ್ಡ ಧಂದೆ! ಒಬ್ಬಾಂವ ಆಡ್ತಾನ, ಸಾವಿರ ಮಂದಿ ಸ್ಟೇಡಿಯಮ್ಮಿನ್ಯಾಗ ಕುಂತು ನೋಡ್ತಾರ!"

"ನೋಡಿದವ್ರಿಗೆ ಏನ್ ಸಿಗತೈತಿ?"

"ಖುಷಿ!"

"ಹಂಗಾರ ಒಬ್ಬಾಂವ ಉಣ್ಣೂದು ನೋಡಿದ್ರ ಸಾವಿರ ಮಂದಿ ಹೊಟ್ಟಿ ತುಂಬತೈತಿ ಅನ್ನು."

ಅವನು ಕೇಳಿಸಿಕೊಳ್ಳಲಿಲ್ಲ. ರೊಟ್ಟಿ ಮಾಡುವ ನೀಲವ್ವ, ಫಕೀರವ್ವರ ಕೈಗೆ ಬಳೆ ತೊಡಿಸಿ, ಡಬ್ಬಿಯನ್ನು ಊಟದ ಕೋಣೆಯ ಟಿವಿಗೆ ಜೋಡಿಸಿಬಿಟ್ಟ.

ನೀಲವ್ವ ಹಿಟ್ಟಿನ ಮೇಲೆ ಟಪ್ಪೆಂದು ಒಂದು ಏಟು ಹಾಕಿದಳು. ಟಿವಿಯಲ್ಲಿ ಕಿರೀಟ ತೊಟ್ಟ ನೀಲವ್ವ ಪ್ರತ್ಯಕ್ಷ! ಅವಳ ಕೈಯಿಂದ ರೊಟ್ಟಿಯೊಂದು ಚಕ್ರದಂತೆ ಹಾರಿ ರಾಕ್ಷಸನ ಮೂಗು ಕತ್ತರಿಸಿತು. ಹತ್ತು ಅಂಕ! ಬಳೆ ಜುಮ್ಮೆಂದಿತು.

"ಅಯ್ಯ ಶಿವನ! ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗ ಹಿಂಗ ಆಗಿತ್ತ ನೋಡ್ರಿ!" ಎಂದಳು ನೀಲವ್ವ.

"ಗೆದ್ದ ಖುಷೀನ್ನ ಬಳಿಯಿಂದ ನೇರ ಕೈ ನರದೊಳಗ ಕಳಸ್ತೀನಿ ವೈನಿ" ಎಂದು ಗುರುಪಾದ ಮೀಸೆ ತಿರುವಿದ.

ಹತ್ತೂವರೆಗೆ ಎದುರಿನ ದರ್ಜಿ ಅಂಗಡಿ ಮುಚ್ಚಿ ಬಂದು ಕಾಮೆಂಟರಿ ಶುರು ಮಾಡಿದ. ಹನ್ನೊಂದಕ್ಕೆ ಮೊಬೈಲ್ ಅಂಗಡಿಯವನು ತನ್ನ ಬ್ಯಾನರ್ ತಂದು ನನ್ನ ಊಟದ ದರಪಟ್ಟಿಯ ಮೇಲೆಯೇ ಕಟ್ಟಿದ. ಓಣಿಯಲ್ಲಿ ನೀಲವ್ವನ ಪಾರ್ಟಿ, ಫಕೀರವ್ವನ ಪಾರ್ಟಿ ಅಂತ ಎರಡಾದವು. ಇವರಿಬ್ಬರ ಹೆಸರೇ ಗೊತ್ತಿಲ್ಲದೆ ಹದಿನೈದು ವರ್ಷ ರೊಟ್ಟಿ ತಿಂದವರೆಲ್ಲ ಈಗ ಸೆಲ್ಫಿಗೆ ಸಾಲು ನಿಂತರು!

ಹನ್ನೆರಡಕ್ಕೆ ಅಡುಗೆಮನೆಗೆ ಹೋಗಿ ನೋಡಿದೆ. ಫಕೀರವ್ವನ ಎರಡೂ ಕೈ ಕಣ್ಣಿಗೆ ಕಾಣದಷ್ಟು ವೇಗದಲ್ಲಿ ಆಡುತ್ತಿದ್ದವು. ಹಲಗೆಯ ಮೇಲೆ ಹಿಟ್ಟೇ ಇರಲಿಲ್ಲ!

"ಹಿಟ್ಟೆಲ್ಲೇ?"

"ಹಿಟ್ಟಿದ್ರ ಕೈ ತಡಾ ಆಗತೈತ್ರೀ ಅಕ್ಕಾರ! ಬರೇ ಹಲಗಿ ಬಡದ್ರೂ ಅಂಕಾ ಬರ್ತಾವು!"

ನೀಲವ್ವನೂ ಬರಿ ಹಲಗೆಯನ್ನೇ ಬಡಿಯುತ್ತಿದ್ದಳು. ಟಿವಿಯಲ್ಲಿ ನಾನೂರು ರೊಟ್ಟಿ. ಬುಟ್ಟಿಯಲ್ಲಿ ಹನ್ನೊಂದು, ಅವೂ ತಣ್ಣಗಾಗಿದ್ದವು.

"ಗುರುಪಾದಾ, ಬಂದ್ ಮಾಡೋ!"

"ಬರಂಗಿಲ್ಲ ವೈನಿ! ಒಳಗ ಬ್ಯಾಟರಿ ಐತಿ. ಐದು ನೂರು ರೊಟ್ಟಿ ಮುಟ್ಟಿ ಒಬ್ಬರು ಗೆಲ್ಲೂತನಕ ಬಳಿ ಬಿಚ್ಚಂಗಿಲ್ಲ."

"ಇಬ್ಬರದೂ ಕೂಡಿ ನಾನೂರು! ಯಾವಾಗ ಗೆಲ್ಲೂದು?"

"ಅದ ಮಜಾ!"

ಬಳೆ ಎಳೆದರೆ ಅದು ಇನ್ನಷ್ಟು ಜುಮ್ಮೆನ್ನುತ್ತಿತ್ತು, ಅವರು ಇನ್ನಷ್ಟು ಬಡಿಯುತ್ತಿದ್ದರು. ನಾನೇ ಸೆರಗು ಸಿಕ್ಕಿಸಿ ಒಂದು ಒಲೆಯ ಮುಂದೆ ಕುಳಿತೆ. ಒಂದು ತವೆ, ನಲವತ್ತು ಹೊಟ್ಟೆ. ಹದಿನೈದು ವರ್ಷದಿಂದ ರೊಟ್ಟಿ ಬಡಿಯದ ನನ್ನ ಕೈಯಲ್ಲಿ ಒಂದೊಂದೂ ಹರಿದು ಹರಿದು ಹೋಯಿತು.

ಒಂದಕ್ಕೆ ಸರಿಯಾಗಿ ಮಾಸ್ತರರು ಕೊರಳಲ್ಲಿ ಹಾರ ಹಾಕಿಕೊಂಡೇ ಬಂದರು. ಅಭಿಮಾನಿಗಳನ್ನು ಬಾಗಿಲಿಗೆ ದಬ್ಬಿ ಅತಿಥಿಗಳನ್ನು ಕೂರಿಸಿದ್ದಾಯಿತು. ತಾಟಿಗೆ ಎಣಗಾಯಿ ಬಂತು, ಶೇಂಗಾ ಹಿಂಡಿ ಬಂತು, ಮೊಸರು ಬಂತು. ರೊಟ್ಟಿ ಬರಲಿಲ್ಲ. ಒಂದೂವರೆಯಾಯಿತು. ತಾಳ್ಮೆಗೆ ಹೆಸರಾದ ಮಾಸ್ತರರು ಕೊನೆಗೆ ಸ್ಟೀಲ್ ತಾಟನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದರು. ಟಪ್! ಹೆಡ್‌ಮಾಸ್ತರರೇ ತಟ್ಟಿದ ಮೇಲೆ ಉಳಿದ ಶಿಕ್ಷಕರು ಸುಮ್ಮನಿರುತ್ತಾರೆಯೇ? ಮೂವತ್ತೊಂಬತ್ತು ತಾಟು ಒಟ್ಟಿಗೆ ಟಪಟಪ!

ಡಬ್ಬಿ ಇದ್ದದ್ದು ಅದೇ ಕೋಣೆಯಲ್ಲಿ. ಅದಕ್ಕೆ ಕಿವಿಯಿತ್ತು, ಕಣ್ಣಿತ್ತು, ಬುದ್ಧಿ ಇರಲಿಲ್ಲ. ತಟ್ಟಿದವರೆಲ್ಲ ರೊಟ್ಟಿ ಮಾಡುವವರು ಎಂದುಕೊಂಡು, ಮೊದಲು ತಟ್ಟಿದ ಮಾಸ್ತರರ ಲೆಕ್ಕಕ್ಕೇ ಎಲ್ಲವನ್ನೂ ಸೇರಿಸಿತು. ಟಿವಿಯಲ್ಲಿ ಕಿರೀಟ ತೊಟ್ಟ ಮಾಸ್ತರರು ಮೂಡಿದರು. ನೂರು, ಮುನ್ನೂರು, ಆರುನೂರು! ರಾಕ್ಷಸರು ಪುಡಿಪುಡಿ! ತುತ್ತೂರಿ ಊದಿತು. "ಇರಸಂಗಪ್ಪ ಮಾಸ್ತರ, ಹೊಸಾ ದಾಖಲೆ!" ಎಂದು ದರ್ಜಿ ಬಾಗಿಲಿನಿಂದಲೇ ಕೂಗಿದ. ನೀಲವ್ವ, ಫಕೀರವ್ವರ ಬಳೆ ಕಳಚಿ ಬಿದ್ದವು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಟಿವಿ ನೋಡಿದರು.

"ಒಂಬೈನೂರಾ ಹನ್ನೆರಡು ರೊಟ್ಟಿ ಬಡದೀನಂತ ಸಾವಂತ್ರವ್ವ. ಅದರಾಗ ನನಗೊಂದು ಹಾಕಾಕ ಬರತೈತೇನು?"

ನಾಚಿಕೆಯಿಂದ ನನ್ನ ಕಣ್ಣು ತುಂಬಿತು. ಆದರೆ ನೀಲವ್ವ, ಫಕೀರವ್ವ ಆಗಲೇ ಹಿಟ್ಟಿಗೆ ಕೈಹಾಕಿದ್ದರು. ಮೂರು ಒಲೆ ಉರಿದವು. ಎರಡು ಗಂಟೆಗೆ ಉಬ್ಬಿದ ರೊಟ್ಟಿ ತವೆಯಿಂದ ಸೀದಾ ಮಾಸ್ತರರ ತಾಟಿಗೆ ಬಿತ್ತು. ಅವರು ಬೆರಳು ಸುಟ್ಟುಕೊಂಡು ನಕ್ಕರು. ನನ್ನ ಮಾತು ಒಂದು ತಾಸು ತಡವಾಗಿಯಾದರೂ ಉಳಿಯಿತು.

ಊಟ ಮುಗಿದ ಮೇಲೆ ಅವೇ ಬಳೆಗಳನ್ನು ಗುರುಪಾದನ ಎರಡೂ ಕೈಗೆ ತೊಡಿಸಿ, ನಲವತ್ತು ಎಂಜಲು ತಾಟುಗಳ ಮುಂದೆ ತೊಳೆಯಲು ಕೂರಿಸಿದೆ. ಟಿವಿಯನ್ನೂ ಬಚ್ಚಲಿನತ್ತ ತಿರುಗಿಸಿಟ್ಟೆ.

ನೋಡಲು ಒಬ್ಬರೂ ಬರಲಿಲ್ಲ.